ಕೊಂಬಿಲ್ಲದ ಗುಡ್ಡ

ಯೆಹೂದದ ಬೆಟ್ಟಸೀಮೆಯಲ್ಲಿ ಗುಡ್ಡಗಳಿಗೇನು ಬರವಿಲ್ಲ. ಆದರೆ ಬೇತ್‌ಷೋಮ ಊರಿನ ಗುಡ್ಡದಂಥದ್ದು ಇನ್ನೊಂದಿದ್ದರೆ ಯಾರಾದರೂ ತೋರಿಸಲಿ, ನೋಡೋಣ! ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಆಲಿವ್ ಎಣ್ಣೆಮರದ ತೋಟಗಳನ್ನು ದಾಟಿ ಏರಿದರೆ ನೆತ್ತಿಯಲ್ಲಿ ಚಪ್ಪಟೆಯಾದೊಂದು ಕಲ್ಲಿನ ಪೀಠ. ಮೇಕೆಗಳು ಅದರ ಮೇಲೆ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತವೆ. ಜನ ಈ ಜಾಗವನ್ನು ಕೊಂಬಿಲ್ಲದ ಗುಡ್ಡವೆಂದೇ ಕರೆಯುತ್ತಾರೆ. ಅರಸರ ಕಾಲದಲ್ಲಿ, ಹಿಂದೆ ಒಮ್ಮೆ, ಇದು ಬಲಿಪೀಠವಾಗಿತ್ತಂತೆ. ಅದರ ನಾಲ್ಕು ಮೂಲೆಗಳಲ್ಲಿ ಕೊಂಬಿನಂತೆ ಕಲ್ಲುಗಳು ಎದ್ದು ನಿಂತಿದ್ದವು. ಕೈತಪ್ಪಿ ಕೊಲೆ ಮಾಡಿದವನು ಓಡಿಬಂದು ಆ ಕೊಂಬು ಹಿಡಿದುಕೊಂಡರೆ, ಹಿಡಿದಿರುವಷ್ಟು ಹೊತ್ತು ಅವನನ್ನು ಯಾರೂ ಮುಟ್ಟುವಂತಿರಲಿಲ್ಲ.

ಪೀಠದ ಯಾಜಕ ಯೆರೋಹಾಮ. ಅಪ್ಪ, ತಾತ, ಮುತ್ತಾತ ಎಲ್ಲರೂ ಅಲ್ಲೇ ಬೆಂಕಿ ಹಚ್ಚಿದವರು. ಇನ್ನುಮುಂದೆ ದೇವರಿಗೆ ಯೆರೂಸಲೇಮಿನ ಪೀಠ ಒಂದೇ ಸಾಕು, ಹಳ್ಳಿಯ ಪೀಠಗಳನ್ನೆಲ್ಲ ಒಡೆಯಬೇಕು ಎಂದು ಅರಸನ ಅಪ್ಪಣೆಯಾದಾಗ ಅವನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಗುಮಾನಿ. ಬಲಿಯ ಮಾಂಸದಲ್ಲಿ ಯಾಜಕನ ಪಾಲು ಇನ್ನು ಯಾರ ಮನೆಯ ಮಡಕೆ ಸೇರುತ್ತದೆ? ಹಳ್ಳಿಯ ಬಲಿಗೆ ದೋಷ ಅಂಟಿದ್ದು ಪಟ್ಟಣದ ಯಾಜಕರಿಗೆ ಈಗ ತಾನೇ ಕಂಡಿತೇ?

ಅಪ್ಪಣೆ ಹೊತ್ತು ಬಂದವನು ಪೆಲಟ್ಯನೆಂಬ ಪಟ್ಟಣದ ಯಾಜಕ. ಬಿಳಿ ನಾರುಮಡಿ, ಮೆತ್ತನೆಯ ಮಾತು, ಹಿಂದೆ ಸುತ್ತಿಗೆ ಹೊತ್ತ ಆಳುಗಳು. ಅವರು ಗುಡ್ಡ ಏರುವ ಹೊತ್ತಿಗೆ ಕೊಂಬನ್ನು ತಬ್ಬಿಕೊಂಡು ಒಬ್ಬ ಕೂತಿದ್ದ. ಅವನು ಗೋಡೆ ಕಟ್ಟುವ ಎಲ್ದಾದ. ಮೇಲಿನ ತೋಟದಲ್ಲಿ ಅವನ ಕೈ ಜಾರಿದ ಕಲ್ಲು ಉರುಳಿ ಕೆಳಗಿದ್ದವನೊಬ್ಬ ಸತ್ತಿದ್ದ. ಸತ್ತವನ ಅಣ್ಣ ಜಿಮ್ರಾನ ಕತ್ತಿ ಹಿಡಿದು ಕಾಯುತ್ತಿದ್ದ. ಜಿಮ್ರಾನನೂ ಪೆಲಟ್ಯನೂ ಒಂದೇ ದಾರಿಯಲ್ಲಿ, ಒಂದೇ ದಿನ ಬಂದದ್ದನ್ನು ಯೆರೋಹಾಮ ಗಮನಿಸಿದ್ದ.

"ಇಂಥವರಿಗೆ ಶಾಸ್ತ್ರದಲ್ಲಿ ಆಶ್ರಯನಗರ ಗೊತ್ತುಮಾಡಿದೆ. ಅದರ ಬಾಗಿಲು ಹೊಕ್ಕವನನ್ನು ಯಾರೂ ಕೊಲ್ಲುವಂತಿಲ್ಲ. ಅಲ್ಲಿಗೆ ಹೋಗಲಿ," ಎಂದ ಪೆಲಟ್ಯ.

"ಹೋಗಲಿ, ಹೋಗಲಿ. ದಾರಿಯಲ್ಲಿ ನಾನಿರುತ್ತೇನಲ್ಲ," ಎಂದು ಜಿಮ್ರಾನ ನಕ್ಕ.

ಆಳುಗಳು ಮೂರು ಕೊಂಬುಗಳನ್ನು ಬಡಿದು ಕೆಡವಿದರು. ಎಲ್ದಾದ ತಬ್ಬಿದ್ದ ನಾಲ್ಕನೆಯದಕ್ಕೆ ಸುತ್ತಿಗೆ ಎತ್ತಿದಾಗ ಯೆರೋಹಾಮ ಅಡ್ಡ ನಿಂತ. "ಇದನ್ನು ನಾನೇ ಒಡೆಯುತ್ತೇನೆ. ಎಲ್ದಾದ, ಪ್ರಾಣ ಹೋದರೂ ಕೈ ಬಿಡಬೇಡ," ಎಂದು ಉಳಿ ಹಿಡಿದು ಕೂತ. ತಲೆಮಾರುಗಳಿಂದ ಎಣ್ಣೆ ಸವರಿದ ಕಲ್ಲನ್ನು ತನ್ನ ಕೈಯಾರೆ ಕೆತ್ತುವಾಗ ಅವನ ಗಡ್ಡ ತೊಯ್ದಿತ್ತು ಎನ್ನುತ್ತಾರೆ. ಕಡೆಗೆ ಕೊಂಬು ಬುಡಸಮೇತ ಬಿಟ್ಟುಕೊಂಡಿತು. ಎಲ್ದಾದ ಅದನ್ನು ಕೂಸಿನ ಹಾಗೆ ಎದೆಗವಚಿ ಎದ್ದು ನಿಂತ.

ಜಿಮ್ರಾನ ಉರಿದುಬಿದ್ದ. "ಮುರಿದ ಕಲ್ಲಿನಲ್ಲಿ ಎಂಥ ದೇವರಯ್ಯಾ? ಪಟ್ಟಣದ ಸ್ವಾಮಿಗಳು ನೀವೇ ಹೇಳಿ, ಇದು ಬರೀ ಕಲ್ಲು ತಾನೇ?"

ಊರಿಗೆ ಊರೇ ಪೆಲಟ್ಯನ ಬಾಯಿ ನೋಡಿತು. ಪವಿತ್ರವೆಂದರೆ ಅವನು ಒಡೆಸಿದ್ದೇ ಪಾಪ. ಬರೀ ಕಲ್ಲೆಂದರೆ ಎಲ್ದಾದನ ತಲೆ ಉರುಳುತ್ತದೆ. ಪೆಲಟ್ಯ ಎಲ್ದಾದನ ಪಕ್ಕಕ್ಕೆ ಬಂದು ನಿಂತ. ಆಮೇಲೆ, "ಬರೀ ಕಲ್ಲೇ. ಆದರೆ ನಿರಪರಾಧಿಯ ರಕ್ತ ಬಿದ್ದರೆ ನಾಡಿಗೇ ಕಳಂಕ. ಆಶ್ರಯನಗರದ ಬಾಗಿಲವರೆಗೆ ನಾನೇ ಇವನ ಪಕ್ಕದಲ್ಲಿ ನಡೆಯುತ್ತೇನೆ. ಕತ್ತಿ ಮೊದಲು ನನ್ನನ್ನು ದಾಟಲಿ," ಎಂದ.

ಹಾಗೆ ಹೊರಟರು. ಒಂದು ಪಕ್ಕ ಪೆಲಟ್ಯ, ಇನ್ನೊಂದು ಪಕ್ಕ ಅವನ ಮೇಲೆಯೇ ಕಣ್ಣಿಟ್ಟ ಯೆರೋಹಾಮ, ನಡುವೆ ಕಲ್ಲು ಹೊತ್ತ ಎಲ್ದಾದ, ಹಿಂದೆ ಹಲ್ಲು ಕಡಿಯುತ್ತ ಜಿಮ್ರಾನ. ಏರುದಾರಿಯಲ್ಲಿ ಎಲ್ದಾದ ಕಲ್ಲನ್ನು ಎದೆಯಿಂದ ಹೆಗಲಿಗೆ ಏರಿಸಿಕೊಂಡ.

"ಭಾರ ಇಳಿಸಪ್ಪಾ, ನಾನಿದ್ದೇನಲ್ಲ," ಎಂದ ಪೆಲಟ್ಯ.

"ನೀವಿದ್ದೀರಿ ಅಂತಲೇ ಇಳಿಸಬೇಡ ಅಂದದ್ದು," ಎಂದ ಯೆರೋಹಾಮ.

ನಗರದ ಬಾಗಿಲು ದಾಟಿದ ಮೇಲೆಯೇ ಎಲ್ದಾದ ಕಲ್ಲು ಇಳಿಸಿದ್ದು. ಜಿಮ್ರಾನ ಉಗಿದು ತಿರುಗಿ ಹೋದ. ಯೆರೋಹಾಮನಿಗೆ ಪೆಲಟ್ಯ ಕರೆ ಕೊಟ್ಟ: ಯೆರೂಸಲೇಮಿಗೆ ಬಂದರೆ ಯಾಜಕರ ಪಂಕ್ತಿಯಲ್ಲಿ ರೊಟ್ಟಿ ಉಂಟು, ಪೀಠ ಮಾತ್ರ ಮುಟ್ಟುವಂತಿಲ್ಲ. "ಅನ್ನ ಹಾಕಿ ಕೈ ಕಟ್ಟುವುದು ನಿಮ್ಮವರಿಗೆ ಚೆನ್ನಾಗಿ ಬರುತ್ತದೆ," ಎಂದು ಯೆರೋಹಾಮ ಊರಿಗೇ ಮರಳಿದ. ಮತ್ತೆ ಅವನು ಗುಡ್ಡದ ಮೇಲೆ ಬೆಂಕಿ ಹಚ್ಚಲಿಲ್ಲ.

ಪೆಲಟ್ಯ ಕನಿಕರದಿಂದ ನಡೆದನೋ, ಊರಿನ ಕಣ್ಣಿಗೆ ಅಂಜಿ ನಡೆದನೋ ಎಂಬ ಜಗಳ ಬೇತ್‌ಷೋಮದಲ್ಲಿ ಇನ್ನೂ ತೀರಿಲ್ಲ. ಗುಡ್ಡ ಹತ್ತಿದವರು ಪೀಠದ ಮೂಲೆಗಳನ್ನು ಬಗ್ಗಿ ನೋಡಬೇಕು. ಮೂರು ಮೂಲೆಗಳಲ್ಲಿ ಸುತ್ತಿಗೆಯೇಟಿಗೆ ಕಲ್ಲು ಅಡ್ಡಾದಿಡ್ಡಿ ಸಿಡಿದಿದೆ. ನಾಲ್ಕನೆಯದರಲ್ಲಿ ಉಳಿಯ ಗುರುತುಗಳು ಸಣ್ಣಸಣ್ಣಗೆ, ಒತ್ತೊತ್ತಾಗಿ, ಹಿಡಿದಿದ್ದವನ ಒಂದು ಬೆರಳಿಗೂ ತಾಗದ ಹಾಗೆ ಸುತ್ತುವರಿದು ಇಳಿದಿವೆ.