ಕಣ್ಣು ಮುಟ್ಟಿ ನೋಡುತ್ತಿದ್ದ ಸಾತವ್ವ

ಬಹಳ ಹಿಂದೆ, ಹೊಳೆಯ ಆಚೆ ದಂಡೆಗೆ ನೇಕಾರರದೇ ಒಂದು ಊರಿತ್ತಂತೆ. ಅಲ್ಲಿ ಸಾತವ್ವ ಅಂತ ಒಬ್ಬಾಕೆ ಇದ್ದಳಂತೆ. ಮುದುಕರಿಗೆ, ಬಾಣಂತಿಯರಿಗೆ ಎಣ್ಣೆ ಹಚ್ಚಿ ಎರೆಯುವುದು ಆಕೆಯ ಕಸುಬು.

ಆಕೆಯ ಅಪ್ಪನಿಗೆ ನೋವಿಲ್ಲ, ಕೆಂಪಿಲ್ಲ, ಬರಬರುತ್ತ ಎರಡೂ ಕಣ್ಣು ಹೋದವಂತೆ. ಎಣ್ಣೆ ತಿಕ್ಕುವಾಗ ರೆಪ್ಪೆಯ ಮೇಲೆ ಬೆರಳಾಡಿಸಿದರೆ, ಒಳಗೆ ಗೋಲಿ ಇಟ್ಟಷ್ಟು ಗಟ್ಟಿ. ಕಣ್ಣೊಳಗೆ ನೀರಿನ ಒತ್ತಡ ಏರಿ ನೋಟದ ನರ ಬಾಡಿದೆ, ಮೊದಲೇ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಅಂದರಂತೆ ಪಟ್ಟಣದ ಡಾಕ್ಟರು. ಆ ಮಾತು ಸಾತವ್ವನ ಎದೆಯಲ್ಲಿ ಕೂತುಬಿಟ್ಟಿತು.

ಅಂದಿನಿಂದ ಯಾರ ತಲೆಗೆ ಎಣ್ಣೆ ಹಾಕಿದರೂ ಮುಚ್ಚಿದ ರೆಪ್ಪೆಯನ್ನು ಮೆಲ್ಲಗೆ ಮುಟ್ಟಿ ನೋಡುತ್ತಿದ್ದಳಂತೆ. ಆಕೆ ಮನೆಯ ಕದ ಮುಟ್ಟಿದರೇ ಒಳಗಿನವರ ಕಣ್ಣು ತಿಳಿಯುತ್ತಿತ್ತು ಅನ್ನುವವರೂ ಇದ್ದಾರೆ. ಆಕೆ ಮಾತ್ರ, ಬೆರಳಿಗೆ ಎಲ್ಲಾ ತಿಳಿಯೂದಿಲ್ಲ, ಡಾಕ್ಟರ ಹತ್ರಾನ ಹೋಗ್ರಿ ಅನ್ನುತ್ತಿದ್ದಳಂತೆ.

ಒಂದು ದಿನ ತಮ್ಮ ಸಂಗಪ್ಪನ ಎಡಗಣ್ಣು ಬೆರಳಿಗೆ ಗಟ್ಟಿಯಾಗಿ ತಾಕಿತು. ಡಾಕ್ಟರ ಹತ್ರ ಹೋಗೂಣ ನಡಿ ಅಂದಳು ಸಾತವ್ವ.

"ಅಕ್ಕಾ, ಸೂಜಿಗೆ ದಾರ ಪೋಣಸ್ತೀನಿ. ನನಗೇನಾಗೇತಿ?" ಅಂದ ಸಂಗಪ್ಪ.

ಸಾತವ್ವ ವಾದಕ್ಕೆ ಹೋಗಲಿಲ್ಲ. ಬಲಗಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡು ಅಂದು, ಕೆಂಪು ನೂಲಿನ ಲಡಿಯನ್ನು ಅವನ ಎಡಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಂದಳು. ಪಕ್ಕದಲ್ಲಿದ್ದ ಅವನ ಹೆಂಡತಿಗೂ ಹೀಗೇ ಮಾಡಿ ನೋಡಿದಾಗ ಲಡಿ ಕಿವಿಯ ಬಳಿಯೇ ಕಂಡಿತು. ಅವನಿಗೆ ಮೂಗಿನ ಹತ್ತಿರ ಬರುವ ತನಕ ಕಾಣಲಿಲ್ಲ.

ಮರುದಿನ ಇಬ್ಬರೂ ಹೊಳೆ ದಾಟಿ ಪಟ್ಟಣಕ್ಕೆ ಹೋದರು. ಹೋದ ನೋಟ ಬರುವುದಿಲ್ಲ, ದಿನಾ ಈ ಹನಿ ಹಾಕಿದರೆ ಉಳಿದದ್ದನ್ನು ಕಾಯಬಹುದು ಅಂದರು ಡಾಕ್ಟರು. ಹಾಗೇ ಸಾತವ್ವನ ಕಡೆ ತಿರುಗಿ, ಇದು ಮನೆತನದಲ್ಲಿ ಬರುವ ರೋಗ, ನಿನ್ನ ಕಣ್ಣು ತೋರಿಸಿದ್ದೀಯಾ ಅಂತ ಕೇಳಿದರು.

ತೋರಿಸಿರಲಿಲ್ಲ. ಊರವರ ಕಣ್ಣೆಲ್ಲ ಮುಟ್ಟಿದಾಕೆಗೆ ತನ್ನದನ್ನು ಮುಟ್ಟಿಕೊಳ್ಳಲು ಭಯವಿತ್ತಂತೆ. ಡಾಕ್ಟರು ನೋಡಿದರೆ ಆಕೆಗೂ ಒತ್ತಡ ಏರಿತ್ತು. ಆದರೆ ನೋಟ ಇನ್ನೂ ಪೂರ್ತಿ ಇತ್ತು. ಆಕೆಗೂ ಅದೇ ಹನಿ ಕೊಟ್ಟರು.

ತಿಂಗಳು ಕಳೆಯುವುದರೊಳಗೆ ಸಂಗಪ್ಪ ಬೇಸತ್ತ. "ಹನಿ ಹಾಕಿದ್ರೂ ಕಣ್ಣು ಮೊದಲಿನಂಗ ಆಗವಲ್ದು, ಬಿಡಬೇ."

"ಹೋದದ್ದು ತರಾಕಲ್ಲೋ ಇದು, ಇದ್ದದ್ದು ಉಳಸಾಕ. ನೀ ಬಿಟ್ರ ನಾನೂ ಬಿಡ್ತೀನಿ," ಅಂದಳು ಸಾತವ್ವ.

ಅವನು ಬಿಡಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಅಕ್ಕತಮ್ಮ ಕಟ್ಟೆಯ ಮೇಲೆ ಕೂತು ಒಬ್ಬರ ಕಣ್ಣಿಗೊಬ್ಬರು ಹನಿ ಹಾಕುತ್ತಿದ್ದರಂತೆ. ವರ್ಷಗಳು ಕಳೆದು ಸಂಗಪ್ಪ ಮೊಮ್ಮಗಳ ಮದುವೆಯ ಸೀರೆಯನ್ನೂ ತಾನೇ ನೇಯ್ದನಂತೆ.

ಈಗಲೂ ಆ ಊರಲ್ಲಿ ನಲವತ್ತು ದಾಟಿದವರು ಕಣ್ಣಿನ ಒತ್ತಡ ನೋಡಿಸಲು ಒಬ್ಬರೇ ಹೋಗುವುದಿಲ್ಲ. ಒಡಹುಟ್ಟಿದವರನ್ನೆಲ್ಲ ಕರೆದುಕೊಂಡೇ ಬಸ್ಸು ಹತ್ತುತ್ತಾರೆ. ಕಣ್ಣು ನೋಡುವ ಯಂತ್ರದ ಮುಂದೆ ಗದ್ದವಿಟ್ಟು ಕೂತವರ ಹೆಗಲ ಮೇಲೆ, ಹಿಂದೆ ನಿಂತ ಅಕ್ಕನೋ ತಂಗಿಯೋ ಕೈ ಇಟ್ಟಿರುತ್ತಾಳೆ. ಹಿಂದ ಸಾತವ್ವ ನಿಂತಾಳ, ಹೆದರಬ್ಯಾಡ ಅನ್ನುತ್ತಾರೆ ಜೊತೆಗೆ ಬಂದವರು.