ಹೊಳೆಪಾಲಿನ ಗೋಡೆ

“ಅಜ್ಜಾರೇ, ಹೊಳೆದಂಡೆಯ ಮನೆಯನ್ನು ಎಷ್ಟು ಗಟ್ಟಿಯಾಗಿ ಕಟ್ಟಿದರೆ ಮತ್ತೆ ಮತ್ತೆ ಖರ್ಚು ಬರುವುದಿಲ್ಲ?”

ಕೇಳಿದವನು ಶಿಷ್ಯ ಚನ್ನವೀರ. ಹೋದ ಮಳೆಗಾಲದಲ್ಲಿ ಮಠದ ಕೆಳಗಿನ ಕೋಣೆಗಳಿಗೆ ನೀರು ನುಗ್ಗಿತ್ತು. ಅವುಗಳ ದುರಸ್ತಿಯ ಹೊಣೆ ಈಗ ಅವನ ಮೇಲಿತ್ತು.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಮತ್ತೆ ಮತ್ತೆ ಖರ್ಚು ಬರಬಾರದೇ? ಹಾಗಾದರೆ ವರ್ಷದ ಊಟವನ್ನೂ ಇವತ್ತೇ ಮಾಡಿ ಮುಗಿಸಿಬಿಡು. ಕೂತುಕೋ. ಒಬ್ಬ ಬೆಲ್ಲದ ವ್ಯಾಪಾರಿಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಂದು ಊರು. ಮುಂದೆ ಹಳ್ಳ, ಹಿಂದೆ ಹೊಳೆ. ಮಳೆ ಜೋರಾದರೆ ಹಳ್ಳ ಉಕ್ಕಿ ಬೀದಿಗೆ ಬರುತ್ತದೆ. ಮುಂಬಾಗಿಲಿನಿಂದ ಮನೆಯೊಳಗೆ ನುಗ್ಗುತ್ತದೆ. ಹಿಂದಿನ ಇಳಿಜಾರಿನಲ್ಲಿ ಇಳಿದು ಹೊಳೆ ಸೇರುತ್ತದೆ. ಅದನ್ನು ತಡೆಯುವುದು ತಮ್ಮ ಕೈಯಲ್ಲಿಲ್ಲವೆಂದು ಆ ಊರಿನವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಮೂರು ಗೋಡೆಗಳನ್ನು ಕಲ್ಲಿನಲ್ಲಿ ಕಟ್ಟುತ್ತಾರೆ, ಹಿಂದಿನ ಗೋಡೆಯನ್ನು ಮಾತ್ರ ಬರೀ ಹಸಿ ಮಣ್ಣಿನಲ್ಲಿ ಎಬ್ಬಿಸುತ್ತಾರೆ. ಮಾಳಿಗೆಯ ಭಾರವೆಲ್ಲ ಕಂಬಗಳ ಮೇಲೆ ಇರುತ್ತದೆ, ಆ ಗೋಡೆಯ ಮೇಲೆ ಏನೂ ಇರುವುದಿಲ್ಲ. ನೀರು ಒಳಗೆ ಬಂತೋ, ಮನೆಯವರೇ ಆ ಗೋಡೆಯನ್ನು ಒದ್ದು ಕೆಡವುತ್ತಾರೆ. ನೀರು ಮೊಣಕಾಲಿನ ಮಟ್ಟದಲ್ಲೇ ಹರಿದು ಹೋಗುತ್ತದೆ, ಮನೆ ಉಳಿಯುತ್ತದೆ.

ಮಳೆಗಾಲ ಕಳೆದ ಮೇಲೆ ಓಣಿಯವರೆಲ್ಲ ಸೇರಿ ಒಂದೊಂದೇ ಮನೆಯ ಗೋಡೆ ಎಬ್ಬಿಸುತ್ತಾರೆ. ಯಾರ ಗೋಡೆ ಎದ್ದಿತೋ ಅವರ ಮನೆಯಲ್ಲಿ ಎಲ್ಲರಿಗೂ ಊಟ. ಈ ಖರ್ಚಿಗೆಂದು ಸುಗ್ಗಿಯಲ್ಲಿ ಬೇರೆಲ್ಲಕ್ಕಿಂತ ಮೊದಲು ಒಂದು ಪಾಲು ತೆಗೆದಿಡುವುದು ಅಲ್ಲಿನ ವಾಡಿಕೆ. ಅದಕ್ಕೆ ಹೊಳೆಪಾಲು ಎನ್ನುತ್ತಾರೆ. ಹೊಳೆಪಾಲು ತೆಗೆಯದ ಮನೆಗೆ ಅಲ್ಲಿ ಹೆಣ್ಣು ಕೊಡುವುದಿಲ್ಲ.

ನಮ್ಮ ವ್ಯಾಪಾರಿಯೂ ಅದೇ ಓಣಿಯವನು. ಹೆಂಡತಿ ತಂಗೆವ್ವ, ಒಬ್ಬಳೇ ಮಗಳು ಕಾಶವ್ವ. ಮಗಳೆಂದರೆ ಅವನಿಗೆ ಜೀವ. ಅವಳು ಗಂಡನ ಮನೆಯಲ್ಲಿ ಬಸುರಿಯಾದ ಸುದ್ದಿ ಬಂದ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ತವರಿನಲ್ಲಿ ನಡೆಯಬೇಕು. ಅವನು ಅಂದೇ ಮನೆಯನ್ನೆಲ್ಲ ಸುತ್ತಿ ನೋಡಿದ. ಬಾಣಂತಿಯ ಕೋಣೆ ಹಿಂದುಗಡೆ ಇತ್ತು. ಮಣ್ಣುಗೋಡೆ ತಣ್ಣಗಿತ್ತು. ಹಿಂಬಾಗಿಲಿನಿಂದ ಗಾಳಿ ಸುಳಿಯುತ್ತಿತ್ತು.

“ನನ್ನ ಮಗಳು ಈ ಥಂಡಿ ಗೋಡೆಗೆ ಬೆನ್ನು ಕೊಟ್ಟು ಮಲಗಬೇಕೇನು?” ಎಂದು ಅವನು ಹೆಂಡತಿಯನ್ನು ಕೇಳಿದ.

ಮನೆ ರಿಪೇರಿಗೆಂದು ಕೈಯಲ್ಲಿ ಒಂದಿಷ್ಟು ದುಡ್ಡಿತ್ತು. ಹೊರಗಿನಿಂದ ಮಾಳಿಗೆಗೆ ಮೆಟ್ಟಿಲು ಕಟ್ಟಿಸಬೇಕೆಂಬುದು ತಂಗೆವ್ವನ ಬಹುದಿನದ ಆಸೆ. ಮೊದಲು ಅದಕ್ಕೂ ಗೋಡೆಗೂ ಸೇರಿಸಿಯೇ ಲೆಕ್ಕ ಹಾಕಿದರು. ಆದರೆ ಅವನು ಆರಿಸಿದ್ದು ಗಟ್ಟಿ ಕರಿಕಲ್ಲು. ಕಲ್ಲು ಬರುವಷ್ಟರಲ್ಲಿ ಅಂದಾಜು ಮೀರಿತು. ಮೆಟ್ಟಿಲು ಬಿಟ್ಟುಹೋಯಿತು. ಗಾರೆಗೆ ದುಡ್ಡು ಸಾಲದೆ ಬಂದಾಗ ಅವನು ಹೊಳೆಪಾಲಿಗೆ ಕೈ ಹಾಕಿದ.

ತಂಗೆವ್ವ ಅವನ ಕೈ ಹಿಡಿದಳು. “ಏನ್ರೀ, ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ನಮ್ಮತ್ತಿ ಉಪವಾಸ ಬಿದ್ದಾಗೂ ಅದನ್ನ ಮುಟ್ಟಿರಲಿಲ್ಲ.”

“ವರ್ಷಾ ವರ್ಷಾ ಕೆಡವಾಕ ಅಂತ ಒಂದು ಗ್ವಾಡಿ ಕಟ್ಟೂದು! ಶ್ಯಾಣ್ಯಾರು ಮಾಡೂ ಕೆಲಸೇನ ಇದು? ಒಮ್ಮಿ ಗಟ್ಟಿ ಕಟ್ಟಿದ್ರ ಮುಗೀತು. ನೀ ಸುಮ್ಮನಿರು.”

ಅವಳು ಸುಮ್ಮನಾದಳು. ಅವಳಿಗೂ ಮಗಳು ಬೆಚ್ಚಗಿರುವುದು ಬೇಡವಾಗಿತ್ತೇ?

ಗೋಡೆ ಎದ್ದಿತು. ಹಿಂಬಾಗಿಲನ್ನು ಮುಚ್ಚಿಸಿದ. ಮಾಳಿಗೆಯ ಬೆಳಕಿಂಡಿಯಿಂದ ಗಾಳಿ ಇಳಿಯುತ್ತದೆ ಎಂದು ಅದರ ಮೇಲೂ ಚಪ್ಪಡಿ ಎಳೆಸಿ ಮಣ್ಣು ಮೆತ್ತಿಸಿದ. ಹಾರೆಯ ತುದಿ ಕೂಡ ಸಂದಿಗೆ ಹೋಗಬಾರದು ಎಂದು ಕಲ್ಲುಕೆಲಸದವರ ಬೆನ್ನು ಹತ್ತಿ ಮಾಡಿಸಿದ. ಓಣಿಯವರು ಬಂದು ನೋಡಿದರು. ಕೆಲವರು ಹೊಗಳಿದರು. ಪಕ್ಕದ ಮನೆಯ ನೇಕಾರ ಮಾತ್ರ ಗೋಡೆಯನ್ನು ತಟ್ಟಿ ನೋಡಿ, ಏನೂ ಹೇಳದೆ ಹೊರಟುಹೋದ. ಹೊಟ್ಟೆಕಿಚ್ಚು ಎಂದುಕೊಂಡ ನಮ್ಮ ವ್ಯಾಪಾರಿ.

ಆಷಾಢದಲ್ಲಿ ಕಾಶವ್ವ ಗಂಡುಮಗುವನ್ನು ಹೆತ್ತಳು. ಕೋಣೆ ಬೆಚ್ಚಗಿತ್ತು. ಅಗ್ಗಿಷ್ಟಿಕೆಯ ಹೊಗೆ ಕೂಡ ಹೊರಗೆ ಹೋಗಲು ತಡಕಾಡುವಷ್ಟು ಬೆಚ್ಚಗಿತ್ತು. ವ್ಯಾಪಾರಿ ದಿನಕ್ಕೊಮ್ಮೆ ಗೋಡೆಗೆ ಅಂಗೈ ಇಟ್ಟು ನೋಡಿ, ಖುಷಿಯಿಂದ ಮೀಸೆ ತಿರುವುತ್ತಿದ್ದ.

ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಮಳೆ ಹಿಡಿಯಿತು. ಬಿಡಲೇ ಇಲ್ಲ. ಒಂದು ಮಧ್ಯಾಹ್ನ ಹಳ್ಳದ ಸದ್ದು ಬದಲಾಯಿತು. ನೇಕಾರ ತನ್ನ ಮಾಳಿಗೆಯ ಮೇಲೆ ನಿಂತು ಕೂಗಿದ: “ಸಾವ್ಕಾರ, ಹುಡುಗೀನ್ನ ಕೂಸನ್ನ ನಮ್ಮ ಮಾಳಿಗಿಗೆ ಕರಕೊಂಡ ಬರ್ರಿ! ಲಗೂನ ಬರ್ರಿ!”

“ಹಸೀ ಬಾಣಂತಿನ್ನ ಮಳಿ ಗಾಳ್ಯಾಗ ನಿಂದರಸ್ತಾರೇನೋ, ತಲಿ ಕೆಟ್ಟೈತೇನು?” ಎಂದು ವ್ಯಾಪಾರಿ ಒಳಗಿನಿಂದಲೇ ಗದರಿದ.

ನೀರು ಬಂತು. ಓಣಿಯುದ್ದಕ್ಕೂ ಧಡ್ ಧಡ್ ಎಂದು ಮಣ್ಣುಗೋಡೆಗಳು ಬಿದ್ದ ಸದ್ದು ಕೇಳಿಸಿತು. ನೇಕಾರನ ಮನೆಯಲ್ಲಿ ನೀರು ಈ ಕಡೆಯಿಂದ ಬಂದು ಆ ಕಡೆಯಿಂದ ಹೋಯಿತು. ವ್ಯಾಪಾರಿಯ ಮನೆಯಲ್ಲಿ ಬಂದ ನೀರು ನಿಂತಿತು. ಮೊದಲು ಮಂಚದ ಕಾಲು ಮುಳುಗಿತು. ಆಮೇಲೆ ಮಂಚವೇ ತೇಲಿತು. ಪಡಸಾಲೆಯಲ್ಲಿದ್ದ ಬೆಲ್ಲದ ಪೆಟ್ಟಿಗೆಗಳೂ ಕಾಳಿನ ಚೀಲಗಳೂ ಉರುಳಿಬಂದು ಕೋಣೆಯ ಬಾಗಿಲಿಗೆ ಜಡಿದು ಕೂತವು. ಆ ಬಾಗಿಲು ಮತ್ತೆ ತೆರೆಯಲಿಲ್ಲ, ಕೂಸು ಸೇರಿ ನಾಲ್ವರೂ ಕೋಣೆಯೊಳಗೇ ಸಿಕ್ಕಿಬಿದ್ದರು.

ವ್ಯಾಪಾರಿ ಹಾರೆ ಹಿಡಿದು ಗೋಡೆಗೆ ಬಿದ್ದ. ಹೊಡೆದ, ಹೊಡೆದ. ಸಂದಿಯೇ ಸಿಗಲಿಲ್ಲ. ಹಾರೆ ಜಾರಿ ಜಾರಿ ಅವನ ಅಂಗೈ ಹರಿಯಿತು. “ಬೀಳೋ, ನಿನ್ನ ಮನಿ ಹಾಳಾಗಲಿ, ಬೀಳೋ!” ಎಂದು ಅವನು ಗೋಡೆಗೆ ಬೈದ. ತನ್ನ ಮನೆಯ ಗೋಡೆಗೇ ಬೈಯುತ್ತಿದ್ದೇನೆ ಎಂಬ ಅರಿವೂ ಅವನಿಗಿರಲಿಲ್ಲ. ನೀರು ಎದೆಮಟ್ಟಕ್ಕೆ ಏರಿತು. ಕಾಶವ್ವ ಗೋಡೆಯ ಗೂಡು ಹಿಡಿದು ಜೋತುಬಿದ್ದಿದ್ದಳು. ತಂಗೆವ್ವ ಕೂಸನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

ಮೇಲೆ ಗುದ್ದಲಿಯ ಸದ್ದು ಕೇಳಿಸಿತು. ಓಣಿಯವರು ಮಾಳಿಗೆಯಿಂದ ಮಾಳಿಗೆಗೆ ದಾಟಿ ಬಂದಿದ್ದರು. ಮೆತ್ತಿದ ಮಣ್ಣು ಅಗೆದರು, ಚಪ್ಪಡಿ ಮೀಟಿದರು. ಬೆಳಕಿಂಡಿ ತೆರೆಯಿತು. ನೇಕಾರ ಬೋರಲು ಮಲಗಿ ತೋಳು ಇಳಿಬಿಟ್ಟ. ತಂಗೆವ್ವ ಕೂಸನ್ನು ಕೊಟ್ಟಳು. ಆಮೇಲೆ ಮಗಳ ಕಾಲನ್ನು ತನ್ನ ಹೆಗಲ ಮೇಲೆ ಇಡಿಸಿಕೊಂಡು ಅವಳನ್ನು ಮೇಲಕ್ಕೆ ನೂಕಿದಳು. ಆ ಭಾರಕ್ಕೆ ತಂಗೆವ್ವನ ಮುಖ ನೀರಿನೊಳಗೆ ಮುಳುಗಿತು. ಬಾಣಂತಿ ಮೈ, ಕೈಗೆ ಸಿಗದೆ ಜಾರುತ್ತಿತ್ತು. ಮೇಲಿನವರು ಸೀರೆ ಹಿಡಿದು, ಕೂದಲು ಹಿಡಿದು ಹೇಗೋ ಎಳೆದುಕೊಂಡರು.

ನೇಕಾರ ಮತ್ತೆ ತೋಳು ಇಳಿಬಿಟ್ಟ. “ಅಕ್ಕಾ, ಕೈ ಕೊಡು!”

ಕೆಳಗಿನಿಂದ ಕೈ ಬರಲಿಲ್ಲ.

ವ್ಯಾಪಾರಿ ಹಾರೆ ಬಿಸಾಡಿ ನೀರಿನೊಳಗೆ ತಡಕಿದ. ಸೆರಗು ಸಿಕ್ಕಿತು. ಓಣಿಯವರು ಹಗ್ಗ ಇಳಿಸಿ ಇಬ್ಬರನ್ನೂ ಮೇಲೆ ತಂದರು. ಉಸಿರಾಡುತ್ತಿದ್ದವನು ಅವನೊಬ್ಬನೇ. ಮಾಳಿಗೆಯ ಮೇಲೆ, ಮಳೆಯಲ್ಲೇ, ಅವನು ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಕೆನ್ನೆ ತಟ್ಟುತ್ತಲೇ ಇದ್ದ.

ನೀರು ಇಳಿದ ಮೇಲೆ ಊರಿಗೆ ಊರೇ ನೋಡಲು ಬಂತು. ಮುಂದಿನ ಗೋಡೆ ಬಿರುಕು ಬಿಟ್ಟಿತ್ತು, ಕಂಬಗಳು ವಾಲಿದ್ದವು. ಹಿಂದಿನ ಕರಿಕಲ್ಲಿನ ಗೋಡೆಯ ಒಂದು ಕಲ್ಲೂ ಅಲುಗಿರಲಿಲ್ಲ.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಚನ್ನವೀರ ಕೇಳಿದ: “ಅಜ್ಜಾರೇ, ಆ ವ್ಯಾಪಾರಿಯನ್ನು ಬೈಯಲು ನನಗೆ ಮನಸ್ಸು ಬರುತ್ತಿಲ್ಲ. ಅವನು ಮಾಡಿದ್ದೆಲ್ಲ ಮಗಳ ಮೇಲಿನ ಪ್ರೀತಿಯಿಂದಲೇ ಅಲ್ಲವೇ?”

“ಪ್ರೀತಿಗೇನೂ ಕಡಿಮೆ ಇರಲಿಲ್ಲಪ್ಪಾ, ಹೊರಗೆ ಹೋಗಲು ದಾರಿ ಇರಲಿಲ್ಲ.”