ಬೆಳ್ಳಿ ಡಬ್ಬಿಯ ಮರಳು

“ಗುರುಗಳೇ, ಹೊಗಳಿದರೂ ಒಬ್ಬರಿಗೆ ನೋವಾಗುತ್ತದೆಯೇ?”

ಕೇಳಿದವನು ಓಟಗಾರರ ತಂಡವೊಂದರ ತರಬೇತುದಾರ. ಚಿಕ್ಕಂದಿನಲ್ಲಿ ಗುರುಗಳ ಬಳಿ ಓದಿದವನು. ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಸರಿಸಿ ಅವನಿಗೆ ಜಾಗ ಮಾಡಿದರು. ಅವನು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ.

“ನಿನ್ನೆ ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು” ಎಂದ. “ಎಂಟು ಸುತ್ತು ಓಡಿಸಿದೆ. ಎಲ್ಲರೂ ನೀರು ಕುಡಿಯುತ್ತ ಕುಳಿತಿದ್ದರು. ಆಗ ತಂಡವನ್ನು ನಡೆಸುವ ಕಂಪನಿಯವರು ಬಂದರು. ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಟ್ಟೆ. ಇವನು ಹಾಸನದವನು, ಇವಳು ಬೀದರಿನವಳು ಅಂದೆ. ಸುಮಿತ್ರಾಳ ಸರದಿ ಬಂತು. ‘ಇವಳು ನಮ್ಮ ಆಫ್ರಿಕಾ ಎಕ್ಸ್‌ಪ್ರೆಸ್. ಸಿದ್ದಿ ಜನಾಂಗದವಳು. ಓಟ ರಕ್ತದಲ್ಲೇ ಇದೆ’ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಪನಿಯವರಲ್ಲೊಬ್ಬರು ‘ಕನ್ನಡ ಬರುತ್ತದೆಯೇ?’ ಎಂದು ಕೇಳಿದರು.”

“ಯಾರನ್ನು ಕೇಳಿದರು?”

“ನನ್ನನ್ನು.”

ಗುರುಗಳು ಇನ್ನೊಂದು ಕಾಯಿ ಬಿಡಿಸಿದರು.

“ಅವಳು ಅಲ್ಲೇ ಕುಳಿತು ಬೂಟಿನ ಲಾಡಿ ಬಿಚ್ಚಿದಳು. ಎರಡೂ ಬೂಟುಗಳನ್ನು ನನ್ನ ಕಾಲ ಬಳಿ ಜೋಡಿಸಿಟ್ಟು ಬರಿಗಾಲಲ್ಲಿ ನಡೆದುಬಿಟ್ಟಳು. ಊರಿಗೆ ಹೋಗುತ್ತೇನೆ ಎಂದು ಗೆಳತಿಯರಿಗೆ ಹೇಳಿ ಹಾಸ್ಟೆಲ್‌ನಿಂದಲೂ ಹೊರಟುಹೋಗಿದ್ದಾಳೆ. ಭಾನುವಾರ ಓಟವಿದೆ. ದೇಶದ ತಂಡಕ್ಕೆ ಅಲ್ಲಿಯೇ ಆರಿಸುತ್ತಾರೆ. ನಾಲ್ಕು ವರ್ಷ ಮಗಳ ಹಾಗೆ ನೋಡಿಕೊಂಡಿದ್ದೇನೆ. ಬೈದಿದ್ದರೆ ಬೇರೆ ಮಾತು. ನಾನು ಹೊಗಳಿದೆನಲ್ಲ, ಗುರುಗಳೇ. ಬೂಟುಗಳನ್ನು ಕೊಟ್ಟು ಕರೆದುಕೊಂಡು ಬರಬೇಕೆಂದು ಹೊರಟಿದ್ದೇನೆ. ಏನು ಹೇಳಿ ಕರೆಯಲಿ?”

ಗುರುಗಳು ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಜಟ್ಟಿ ಇದ್ದ. ಕುದುರೆ ಲಾಯದ ಬೀದಿಯಲ್ಲಿ ಹುಟ್ಟಿದವನು. ಅವನ ತಂದೆಯೂ ಅಜ್ಜನೂ ಅಲ್ಲೇ ಹುಟ್ಟಿದವರು. ಅಜ್ಜನ ಅಜ್ಜ ಮಾತ್ರ ಯಾವುದೋ ಕಾಲದಲ್ಲಿ ಕುದುರೆಗಳ ಜೊತೆ ಹಡಗಿನಲ್ಲಿ ಬಂದವನಂತೆ. ಎಲ್ಲಿಂದ ಬಂದ ಎಂಬುದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವನ ಮೈಬಣ್ಣ ಮತ್ತು ಗುಂಗುರು ಕೂದಲು ಮಾತ್ರ ಮನೆಯಲ್ಲಿ ಉಳಿದಿದ್ದವು.

ಕುಸ್ತಿ ಆ ಜಟ್ಟಿಯ ಕಸುಬು. ಅರಮನೆಯ ಗರಡಿಯಲ್ಲಿ ಅವನಿಗೆ ಸಂಬಳವಿತ್ತು. ಜನ ಅವನನ್ನು ಪ್ರೀತಿಯಿಂದ ‘ಕಡಲಾಚೆಯ ಸಿಂಹ’ ಎಂದು ಕರೆಯುತ್ತಿದ್ದರು. ಅವನು ಕಡಲನ್ನೇ ನೋಡಿರಲಿಲ್ಲ.

ಆ ರಾಜ್ಯಕ್ಕೂ ಪಕ್ಕದ ರಾಜ್ಯಕ್ಕೂ ಮೂರು ವರ್ಷಕ್ಕೊಮ್ಮೆ ಗಡಿಯಲ್ಲಿ ಕುಸ್ತಿ ನಡೆಯುತ್ತಿತ್ತು. ಅದಕ್ಕೊಂದು ಪದ್ಧತಿ ಇತ್ತು. ಹೊಸದಾಗಿ ಅಗೆದ ಅಖಾಡಕ್ಕೆ ಪ್ರತಿಯೊಬ್ಬ ಜಟ್ಟಿಯೂ ತಾನು ಹುಟ್ಟಿದ ಜಾಗದ ಮಣ್ಣನ್ನು ಒಂದು ಹಿಡಿ ತಂದು ಸುರಿಯಬೇಕು. ಸುರಿಯುವಾಗ ಸಾರುವವನು ಆ ಜಾಗದ ಹೆಸರನ್ನು ಗಟ್ಟಿಯಾಗಿ ಕೂಗುತ್ತಾನೆ. ಆಮೇಲೆಯೇ ಕುಸ್ತಿ.

ಆ ವರ್ಷ ಮೊದಲ ಸಲ ಲಾಯದ ಬೀದಿಯ ಜಟ್ಟಿಯನ್ನು ಆರಿಸಿದರು. ಅವನ ತಾಯಿಗೆ ಕಣ್ಣು ಮಂಜಾಗಿತ್ತು. ಹೊಸ್ತಿಲ ಹೊರಗೆ, ದಿನವೂ ತಾನು ನೀರು ಹಾಕಿ ಗುಡಿಸುವ ಕಡೆ, ಕೈಯಿಂದ ತಡವಿ ಒಂದು ಹಿಡಿ ಮಣ್ಣು ತೆಗೆದಳು. ಹಳೆಯ ಸೀರೆಯ ಚೂರಿನಲ್ಲಿ ಗಂಟು ಕಟ್ಟಿದಳು.

“ಅಷ್ಟು ದೂರ ನಾನು ಬರಲಾರೆ” ಎಂದಳು. “ನಮ್ಮ ಬೀದಿಯ ಹೆಸರು ಹೇಗೆ ಕೂಗುತ್ತಾರೆ, ಸರಿಯಾಗಿ ಕೇಳಿಸಿಕೊ. ಬಂದು ನನಗೆ ಹಾಗೆಯೇ ಕೂಗಿ ತೋರಿಸಬೇಕು.”

“ಅಕ್ಕಪಕ್ಕದವರು ಹೆದರಿಕೊಂಡಾರು, ಅವ್ವ.”

“ಹೆದರಲಿ ಬಿಡು.”

ಅಖಾಡದ ಬಳಿ ಮಂತ್ರಿ ಅವನಿಗಾಗಿ ಕಾಯುತ್ತಿದ್ದ. ಮಂತ್ರಿ ಕೆಟ್ಟವನಲ್ಲ. ಎರಡು ತಿಂಗಳು ಮೊದಲೇ ಆಳುಗಳನ್ನು ಬಂದರಿಗೆ ಕಳುಹಿಸಿದ್ದ. ಹಿಂದೆ ಹಡಗುಗಳು ಬಂದು ನಿಲ್ಲುತ್ತಿದ್ದ ದಡವನ್ನು ಹುಡುಕಿಸಿ, ಅಲ್ಲಿನ ಮರಳನ್ನು ತರಿಸಿದ್ದ. ಅದನ್ನು ಬೆಳ್ಳಿಯ ಡಬ್ಬಿಯಲ್ಲಿ ತುಂಬಿಸಿದ್ದ.

“ತಗೋ, ಸಿಂಹ” ಎಂದ. “ಉಳಿದವರೆಲ್ಲ ಬಟ್ಟೆಯ ಗಂಟು ತಂದಿದ್ದಾರೆ. ನಿನಗೆ ಬೆಳ್ಳಿ. ಇದು ನಿಮ್ಮವರು ಕಾಲಿಟ್ಟ ದಡದ ಮರಳು. ನೀನು ಎಲ್ಲಿಯವನು ಎಂಬುದನ್ನು ನಾವು ಮರೆತಿಲ್ಲ.”

ಹೇಳುವಾಗ ಅವನ ಕಣ್ಣು ತುಂಬಿತ್ತು.

ಜಟ್ಟಿ ಸೊಂಟದ ಗಂಟನ್ನು ಮುಟ್ಟಿಕೊಂಡ. ಎದುರಿಗೆ ರಾಜ ಕುಳಿತಿದ್ದ. ಅರಮನೆಯಿಂದ ಕೊಟ್ಟದ್ದನ್ನು ಬೇಡವೆನ್ನುವ ರೂಢಿ ಇರಲಿಲ್ಲ. “ಬುದ್ಧಿ, ನಾನು ಮನೆಯಿಂದ” ಎಂದು ಶುರುಮಾಡಿದ. ಅಷ್ಟರಲ್ಲಿ ಡೋಲು ಬಡಿಯಿತು.

ಅವನು ಮರಳನ್ನು ಸುರಿದ.

“ಕಡಲಾಚೆಯ ಸಿಂಹ! ಕಡಲ ದಡದ ಮರಳು!” ಎಂದು ಸಾರುವವನು ಕೂಗಿದ.

ಜನ ಕೇಕೆ ಹಾಕಿದರು. ಪಕ್ಕದ ರಾಜ್ಯದ ಕಡೆಯಿಂದ ಯಾರೋ, “ನಿಮ್ಮೂರಲ್ಲಿ ಗಂಡಸರು ಮುಗಿದುಹೋದರೇನ್ರೋ? ಹಡಗಿನಲ್ಲಿ ತರಿಸಿಕೊಂಡಿದ್ದೀರಿ!” ಎಂದು ಕೂಗಿದರು. ಆ ಕಡೆಯವರೆಲ್ಲ ನಕ್ಕರು. ಈ ಕಡೆಯವರೂ ನಕ್ಕರು.

ಎದುರಾಳಿ ಒಬ್ಬ ಕುಂಬಾರ. ತನ್ನ ಊರಿನ ಮಣ್ಣನ್ನು ಆಗಲೇ ಸುರಿದಿದ್ದ. ಅವನ ಊರಿನ ಹೆಸರನ್ನು ಮೂರು ಸಲ ಕೂಗಿದ್ದರು.

ಪಟ್ಟು ಹಿಡಿಯುವ ಮೊದಲು ಜಟ್ಟಿಗಳು ಒಬ್ಬರ ಹೆಗಲಿಗೆ ಒಬ್ಬರು ಮಣ್ಣು ಹಚ್ಚುತ್ತಾರೆ. ಬೆವರಿನ ಮೈ ಜಾರಬಾರದು ಎಂದು. ಕುಂಬಾರ ಬಾಗಿ, ಜಟ್ಟಿಯ ಕಾಲ ಬಳಿಯಿಂದ ಒಂದು ಹಿಡಿ ತೆಗೆದುಕೊಂಡ. ಕೈಗೆ ಮರಳು ಬಂತು. ಹೆಗಲಿಗೆ ಹಚ್ಚಿದ. ಅದು ನಿಲ್ಲದೆ ಉದುರಿತು. ಅವನು ಬೆರಳುಗಳನ್ನು ಉಜ್ಜಿ ನೋಡಿದ.

“ಇದು ಮೈಗೆ ಹಿಡಿಯುವುದಿಲ್ಲ, ಅಣ್ಣ. ಸೊಂಟದಲ್ಲಿ ಏನೋ ಕಟ್ಟಿಕೊಂಡಿದ್ದೀಯಲ್ಲ, ಏನದು?”

“ಮನೆ ಮುಂದಿನ ಮಣ್ಣು. ಅವ್ವ ಕೊಟ್ಟದ್ದು.”

“ಮನೆ ಎಲ್ಲಿ?”

“ಲಾಯದ ಬೀದಿ.”

ಕುಂಬಾರ ಕೈ ಚಾಚಿದ. ಜಟ್ಟಿ ಗಂಟು ಬಿಚ್ಚಿಕೊಟ್ಟ. ಕುಂಬಾರ ಆ ಮಣ್ಣನ್ನು ಮೂಸಿ ನೋಡಿದ. “ಕುದುರೆ ವಾಸನೆ” ಎಂದು ನಕ್ಕ. ಜಟ್ಟಿಯೂ ನಕ್ಕ. ಆ ದಿನ ಅವನು ನಕ್ಕದ್ದು ಅದೇ ಮೊದಲು. ಕುಂಬಾರ ಅವನ ಎರಡೂ ಹೆಗಲಿಗೆ, ಕತ್ತಿಗೆ, ತೋಳಿಗೆ ಮಣ್ಣು ಹಚ್ಚಿದ. ಒಂದು ಚೂರನ್ನೂ ಕೆಳಗೆ ಬೀಳಿಸಲಿಲ್ಲ. ಕೆಲಸ ಮುಗಿದ ಮೇಲೆ, ಅವನಿಗೊಬ್ಬನಿಗೇ ಕೇಳಿಸುವ ಹಾಗೆ, “ಲಾಯದ ಬೀದಿ” ಎಂದ.

ಆಮೇಲೆ ಇಬ್ಬರೂ ಪಟ್ಟು ಹಿಡಿದರು.

ಮೂರನೆಯ ದಿನ ಜಟ್ಟಿ ಮನೆಗೆ ಬಂದ. ತಾಯಿ ಅವನ ಕೈಗಳನ್ನು ಹಿಡಿದು ನೋಡಿದಳು. ಖಾಲಿ ಬಟ್ಟೆಯ ಚೂರು ಸಿಕ್ಕಿತು. ಗೆದ್ದೆಯೋ ಸೋತೆಯೋ ಎಂದು ಅವಳು ಕೇಳಲಿಲ್ಲ.

“ಹೇಗೆ ಕೂಗಿದರು?” ಎಂದಳು.

ಅವನು ಅವಳ ಕಿವಿಯ ಬಳಿ ಬಾಗಿ, ಕುಂಬಾರ ಹೇಳಿದ ಹಾಗೆಯೇ, “ಲಾಯದ ಬೀದಿ” ಎಂದ.

“ಇಷ್ಟು ಮೆಲ್ಲಗೆ ಕೂಗಿದರೇ?”

“ಹೂಂ, ಅವ್ವ. ಹತ್ತಿರ ಬಂದು ಕೂಗಿದರು.”

ಗುರುಗಳು ಕತೆ ನಿಲ್ಲಿಸಿದರು. ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು.

“ಮಂತ್ರಿ ಕೆಟ್ಟವನಲ್ಲ ಅಂದಿರಿ” ಎಂದ ಶಿಷ್ಯ. ಅವನ ದನಿ ತಗ್ಗಿತ್ತು.

“ಅಲ್ಲ. ಎರಡು ತಿಂಗಳು ಕಷ್ಟಪಟ್ಟಿದ್ದ.”

“ಅವನು ಆಮೇಲೆ ಏನು ಮಾಡಬೇಕಿತ್ತು?”

ಗುರುಗಳು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು. ಶಿಷ್ಯ ಎದ್ದುನಿಂತು, ಅವರ ಕಾಲು ಮುಟ್ಟಿ ನಮಸ್ಕರಿಸಿದ. ಚೀಲವನ್ನು ಹೆಗಲಿಗೇರಿಸಿಕೊಂಡ. ಒಳಗಿನ ಬೂಟುಗಳು ಒಂದಕ್ಕೊಂದು ತಾಗಿದವು.

“ಸಂಜೆಯ ಬಸ್ಸಿಗೆ ಹೊರಡುತ್ತೇನೆ, ಗುರುಗಳೇ. ಅವಳನ್ನು ಕಂಡು, ತಪ್ಪಾಯಿತು ಎಂದು ಹೇಳುತ್ತೇನೆ.”

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

“ಯಾವ ಊರಿನ ಬಸ್ಸಿಗೆ, ಮಗು?”

ಶಿಷ್ಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ನಾಲ್ಕು ವರ್ಷಗಳಲ್ಲಿ ಅವಳ ಊರು ಯಾವುದೆಂದು ಅವನು ಕೇಳಿರಲಿಲ್ಲ.